ತಂಡ ಒಂದೇ, ಕ್ರಿಯಾಪದ ಎರಡು

ಕ್ರಿಕೆಟ್ಟಿನ ಇಂಗ್ಲಿಷ್ ವೀಕ್ಷಕ ವಿವರಣೆಯಲ್ಲಿ ‘ಇಂಡಿಯಾ ಆರ್ ಬ್ಯಾಟಿಂಗ್’ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಮೇಷ್ಟರ ಹತ್ತಿರ ‘ಇಂಡಿಯಾ ಈಸ್’ ಎಂದೇ ಕಲಿತವರಿಗೆ ಅದು ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ. ಆದರೆ ತಪ್ಪೇನಲ್ಲ. ಅಲ್ಲಿ ಇಂಡಿಯಾ ಎಂದರೆ ದೇಶವಲ್ಲ, ಹನ್ನೊಂದು ಮಂದಿ ಆಟಗಾರರು.

ಈ ರೂಢಿ ವ್ಯಾಕರಣ ಪುಸ್ತಕಗಳಿಗಿಂತ ಬಹಳ ಹಿರಿಯದು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲೇ ದಂಡು, ಜನ ಎಂಬ ಅರ್ಥದ ಪದಗಳಿಗೆ ಎರಡೂ ವಚನದ ಕ್ರಿಯಾಪದ ಹತ್ತುತ್ತಿತ್ತು. ಒಂದೇ ವಾಕ್ಯದಲ್ಲಿ ದಂಡು ಏಕವಚನದಲ್ಲಿ ಹೊರಟು, ಮುಂದೆ ಹೋಗುತ್ತ ಬಹುವಚನಕ್ಕೆ ತಿರುಗುವುದೂ ಉಂಟು. ಹೊರಡುವಾಗ ಒಂದು ದಂಡು, ಊರೊಳಗೆ ನುಗ್ಗಿದ ಮೇಲೆ ನೂರಾರು ಸೈನಿಕರು!

ಪಂಡಿತರು ಬಂದದ್ದು ಆಮೇಲೆ. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್ ಮುಂದೆ ಲಂಡನ್ನಿನ ಬಿಷಪ್ ಆದವರು. ಇತರರ ತಪ್ಪು ಹೆಕ್ಕುವುದಕ್ಕೆ ಹೆಸರಾದವರು. ಅವರೂ ಈ ವಿಷಯದಲ್ಲಿ ಎರಡಕ್ಕೂ ಅವಕಾಶ ಕೊಟ್ಟರು. ಅಮೆರಿಕದಿಂದ ಬಂದು ಯಾರ್ಕ್ ಬಳಿ ನೆಲೆಸಿದ ವಕೀಲ ಲಿಂಡ್ಲಿ ಮರ್ರೆ 1795ರಲ್ಲಿ ಇದನ್ನೇ ನಿಯಮವಾಗಿಸಿದರು: ಮನಸ್ಸಿನಲ್ಲಿರುವುದು ಒಂದೋ ಹಲವೋ, ಅದನ್ನು ನೋಡಿ ಕ್ರಿಯಾಪದ ಇಡಿ. ನನ್ನನ್ನು ಕೇಳಿದರೆ, ಅದಕ್ಕಿಂತ ವಿವೇಕದ ಮಾತನ್ನು ಮುಂದೆ ಬಂದವರು ಯಾರೂ ಹೇಳಲಿಲ್ಲ.

ಮರ್ರೆಯವರ ತವರಾದ ಅಮೆರಿಕವೇ ಏಕವಚನದತ್ತ ವಾಲಿದ್ದು ತಮಾಷೆ. ಅಲ್ಲಿ ತಂಡವೂ ಸರ್ಕಾರವೂ ‘ಈಸ್’. ಬ್ರಿಟನ್ನಿನಲ್ಲಿ ‘ಆರ್’ ಕೂಡ ಸಲೀಸು. ಅಮೆರಿಕದ ಹೆಸರಿನ ಕಥೆಯೂ ಇದಕ್ಕೆ ಹತ್ತಿರದ್ದೇ. ಯುನೈಟೆಡ್ ಸ್ಟೇಟ್ಸ್ ಎಂಬುದು ರೂಪದಲ್ಲಿ ಬಹುವಚನ. 1787ರ ಸಂವಿಧಾನ ದೇಶದ್ರೋಹದ ಮಾತು ಬಂದಾಗ ಆ ರಾಜ್ಯಗಳನ್ನು ‘ಅವು’ ಎಂದೇ ಕರೆಯುತ್ತದೆ. ಅಂತರ್ಯುದ್ಧ ಮುಗಿಯಿತು, ‘ಅವು’ ಹೋಗಿ ‘ಅದು’ ಬಂತು ಎಂದು ಹೇಳುವುದುಂಟು. ಕೇಳಲು ಚೆನ್ನ. ಆದರೆ ಯುದ್ಧ ಮುಗಿದ 1865ರಲ್ಲೇ ಜಾರಿಗೆ ಬಂದು ಗುಲಾಮಗಿರಿಯನ್ನು ತೊಡೆದ 13ನೇ ತಿದ್ದುಪಡಿಯಲ್ಲೂ ಇರುವುದು ಬಹುವಚನವೇ. ರೂಢಿ ಪೂರ್ತಿ ಹೊರಳಲು ದಶಕಗಳೇ ಹಿಡಿದವು.

ಒಂದೋ ಹಲವೋ ಎಂದು ತೋರಿಸುವ ಕೆಲಸವನ್ನು ಕನ್ನಡ ನಾಮಪದದಲ್ಲೇ ಮುಗಿಸಿಬಿಡುತ್ತದೆ. ‘ತಂಡ ಗೆದ್ದಿತು’ ಎನ್ನುತ್ತೇವೆ. ಆಟಗಾರರು ಕಣ್ಣಿಗೆ ಕಟ್ಟಬೇಕಾದರೆ ‘ತಂಡದವರು ಗೆದ್ದರು’. ಸರ್ಕಾರ ಹೇಳಿತು, ಸರ್ಕಾರದವರು ಹೇಳಿದರು. ಇಂಗ್ಲಿಷಿನಲ್ಲಿ ಈ ‘ದವರು’ ಇಲ್ಲ. ಅದರ ಭಾರವೆಲ್ಲ ಪಾಪ ‘ಆರ್’ ಮೇಲೆ. ಹಾಗೆಂದು ನಮ್ಮಲ್ಲೂ ಎಲ್ಲವೂ ಅಚ್ಚುಕಟ್ಟಲ್ಲ. ಜಾತ್ರೆಯಲ್ಲಿ ಜನಸಂದಣಿ ಸೇರಿತ್ತು. ಜನ ಮಾತ್ರ ಸೇರಿದ್ದರು.