ಕಾಯಕದ ಕೈಗೆ ಕಾಲಿನ ಹಂಗಿಲ್ಲ
(ಮಠದ ಮಹೋತ್ಸವದ ಮಾತೃಗೋಷ್ಠಿಯಲ್ಲಿ ಮಾಡಿದ ಭಾಷಣ)

ಸಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳ ಭಕ್ತರು ಹೀಗೆ ಒಂದೆಡೆ ಕೂಡುವದು ಅಪರೂಪದ ಯೋಗ. ಗುರುಗಳವರು ನನಗೆ ಅಪ್ಪಣೆ ಕೊಡಿಸಿದ ವಿಷಯವು "ಸ್ತ್ರೀಯರ ಕಾಯಕಜೀವನ" ಎಂಬುವದು. ಈ ವಿಷಯದ ಮೇಲೆ ಮಾತಾಡುವವರು ಸಾಮಾನ್ಯವಾಗಿ ಹನ್ನೆರಡನೆಯ ಶತಮಾನದ ಶರಣೆಯರಿಂದ ಆರಂಭಿಸುವರು. ನಾನು ನಮ್ಮ ಮನೆಯ ಜಗುಲಿಯಿಂದ ಆರಂಭಿಸುವೆನು, ಅದಕ್ಕೆ ಕಾರಣವಿರುವದು.

ನನಗೆ ಒಬ್ಬ ಸೋದರತ್ತೆಯಿದ್ದರು. ಬನವಾಸಿಯ ಕಡೆಯ ಒಂದು ಸಣ್ಣ ಹಳ್ಳಿಯಲ್ಲಿ ನಮ್ಮ ಮನೆ. ಮೂರು ವರ್ಷದ ಕೂಸಾಗಿದ್ದಾಗ ಬಂದ ಜ್ವರವು ಅವರ ಎರಡೂ ಕಾಲುಗಳ ಬಲವನ್ನು ಕೊಂಡುಹೋಯಿತು. ಊರ ಬಡಿಗನು ಒಂದು ಮಣೆಗೆ ನಾಲ್ಕು ಗಾಲಿಗಳನ್ನು ಜೋಡಿಸಿಕೊಟ್ಟಿದ್ದನು. ಅದರ ಮೇಲೆ ಕುಳಿತು, ಕೈಗಳಿಂದ ನೆಲವನ್ನು ನೂಕುತ್ತ, ಅವರು ಅಡಿಗೆಮನೆಯಿಂದ ಜಗುಲಿಗೆ, ಜಗುಲಿಯಿಂದ ಅಂಗಳಕ್ಕೆ ಬರುವರು. ಅಂಗಳದ ಆಚೆಗೆ ದಣಪೆ. ದಣಪೆಯ ಆಚೆಗೆ ಹಳ್ಳ. ಹಳ್ಳಕ್ಕೆ ಅಡಿಕೆಮರದ ಕಾಲುಸಂಕ. ಅವರ ಲೋಕವು ದಣಪೆಯ ಈಚೆಗೇ ಮುಗಿಯುತ್ತಿತ್ತು. ನಮ್ಮ ಮಲೆನಾಡಿನ ಮಳೆಗಾಲ, ಧರೆ, ಕೆಸರು ಇವುಗಳನ್ನು ಬಲ್ಲ ನಿಮಗೆ ಹೆಚ್ಚಿಗೆ ವಿವರಿಸಬೇಕಾದುದಿಲ್ಲ.

ಆದರೆ ಅವರ ಜೀವನವು ದಣಪೆಯಷ್ಟು ಚಿಕ್ಕದಾಗಿರಲಿಲ್ಲ. ಅಡಿಕೆಯ ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತರೆಂದರೆ ಅವರ ಸಮಕ್ಕೆ ಸುಲಿಯುವವರು ನಮ್ಮ ಕೇರಿಯಲ್ಲಿರಲಿಲ್ಲ. ನೆರೆಮನೆಯವರ ಅಡಿಕೆಯನ್ನೂ ಸುಲಿದುಕೊಟ್ಟು ಕೂಲಿ ಪಡೆಯುವರು. ಆ ಕೂಲಿಯು ಮನೆಯ ಯಜಮಾನನ ಕೈಗೆ ಹೋಗುತ್ತಿರಲಿಲ್ಲ. ಅವರ ಸ್ವಂತ ಪೆಟ್ಟಿಗೆಗೆ ಹೋಗುತ್ತಿತ್ತು. ಕೆಲವು ವರ್ಷ ಕೂಡಿಟ್ಟು ಒಂದು ಎಮ್ಮೆಯನ್ನು ಕೊಂಡರು. ಎಮ್ಮೆಯಿಂದ ಹಾಲು, ಹಾಲಿನಿಂದ ಮೊಸರು, ಮೊಸರಿನಿಂದ ಮತ್ತೆ ಹಣ. ಯಾರಿಗೆ ಎಷ್ಟು ಹಾಲು ಹೋಯಿತೆಂಬ ಲೆಕ್ಕವನ್ನು ಗೋಡೆಯ ಮೇಲೆ ಇದ್ದಲಿನ ಗೆರೆಗಳಿಂದ ಇಡುವರು. ಆ ಗೆರೆಗಳಲ್ಲಿ ಒಂದು ದಿನವೂ ತಪ್ಪಿದುದನ್ನು ನಾನು ಕಾಣೆನು. ಆದರೂ ಬಂದುಹೋಗುವ ನೆಂಟರು, "ಪಾಪ, ನಿಮ್ಮ ಮನೆಗೆ ಒಂದು ಭಾರ" ಎಂದೇ ನುಡಿಯುವರು. ಭಾರವನ್ನು ಹೊರುತ್ತಿದ್ದವರನ್ನೇ ಭಾರವೆಂದು ಕರೆಯುವದು ನಮ್ಮ ಸಮಾಜದ ಹಳೆಯ ರೂಢಿಯಾಗಿರುವದು.

ಒಂದು ಸಲ ಅವರು ತಮ್ಮ ಪೆಟ್ಟಿಗೆಯಿಂದ ಹಣವನ್ನು ತೆಗೆದು, ಮಠದ ದಾಸೋಹಕ್ಕೆ ಸಲ್ಲಿಸಬೇಕು, ನನ್ನನ್ನು ಕರೆದುಕೊಂಡು ಹೋಗು ಎಂದು ನನ್ನನ್ನು ಕೇಳಿದರು. ಆಗ ನಾನು ತರುಣನು. "ಇತ್ತ ಕೊಡು ಅತ್ತೆ, ನಾನೇ ಮುಟ್ಟಿಸಿ ಬರುವೆನು, ನೀನು ಯಾಕೆ ಅಷ್ಟು ದೂರ ತ್ರಾಸು ತಗೊಳ್ಳುತ್ತಿ?" ಎಂದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ದುಡಿದ ಕೈ ನಂದು ತಮ್ಮಾ, ಕೊಡೋ ಕೈನೂ ನಂದೇ ಆಗ್ಲಿ" ಎಂದರು. ಬರುವ ಜಾತ್ರೆಗೆ ಕರೆದೊಯ್ಯುವೆನೆಂದು ಮಾತು ಕೊಟ್ಟೆನು. ಜಾತ್ರೆಗಳು ಬಂದುಹೋದವು. ಒಮ್ಮೆ ಎತ್ತುಗಳು ಒದಗಲಿಲ್ಲ. ಒಮ್ಮೆ ಮೆಟ್ಟಲುಗಳನ್ನು ಹೇಗೆ ಹತ್ತಿಸುವದೆಂಬ ಚಿಂತೆ. ಒಮ್ಮೆ, ನಿಜವನ್ನು ಗುರುಸನ್ನಿಧಿಯಲ್ಲಿ ಮುಚ್ಚಿಡಬಾರದು, ನಾಲ್ಕು ಜನರ ಮುಂದೆ ಅವರನ್ನು ಹೊತ್ತು ನಡೆಯಲು ನನಗೆ ನಾಚಿಕೆ. ಅವರು ಲಿಂಗೈಕ್ಯರಾದ ಬಳಿಕ ಪೆಟ್ಟಿಗೆಯನ್ನು ತೆರೆದಾಗ ಆ ಹಣವು ಬಟ್ಟೆಯ ಗಂಟಿನಲ್ಲಿ ಹಾಗೆಯೇ ಇದ್ದಿತು. ಅದನ್ನು ನಾನು ಮಠಕ್ಕೆ ತಂದು ಸಲ್ಲಿಸಿದೆನು. ಆದರೆ ಕೊಟ್ಟ ಕೈ ಅವರದಾಗಲಿಲ್ಲ.

ಈ ತಪ್ಪನ್ನು ನಾನು ತಪ್ಪೆಂದು ಅರಿತುದು ಬಹಳ ತಡವಾಗಿ. ಅರಿಯುವಂತೆ ಮಾಡಿದುದು ಇನ್ನೊಬ್ಬ ಸ್ತ್ರೀಯ ಚರಿತ್ರೆ. ಅದನ್ನು ಸ್ವಲ್ಪ ವಿಸ್ತಾರವಾಗಿ ನಿವೇದಿಸುವೆನು.

ಶ್ರೀಮತಿ ಮಾಲತಿ ಹೊಳ್ಳರವರು 1958ನೆಯ ಇಸವಿಯ ಜುಲೈ 6ರಂದು ಬೆಂಗಳೂರಿನಲ್ಲಿ ಜನಿಸಿದರು. ಒಂದು ವರ್ಷದ ಶಿಶುವಾಗಿದ್ದಾಗ ತೀವ್ರವಾದ ಜ್ವರ ಬಂದು ಇಡಿಯ ದೇಹವೇ ಚಲನೆಯಿಲ್ಲದಂತಾಯಿತು. ಎರಡು ವರ್ಷಗಳಿಗೂ ಮೇಲ್ಪಟ್ಟು ನಡೆದ ವಿದ್ಯುತ್ ಚಿಕಿತ್ಸೆಯಿಂದ ಸೊಂಟದ ಮೇಲಿನ ಭಾಗಕ್ಕೆ ಬಲ ಬಂದಿತು. ಕೆಳಗಿನ ಭಾಗಕ್ಕೆ ಬರಲಿಲ್ಲ. ತಂದೆತಾಯಿಗಳು ಮಗಳನ್ನು ಮದ್ರಾಸಿನ ಮೂಳೆಚಿಕಿತ್ಸೆಯ ಕೇಂದ್ರವೊಂದಕ್ಕೆ ಸೇರಿಸಿದರು. ಅಲ್ಲಿ ಸುಮಾರು ಹದಿನೈದು ವರ್ಷಗಳ ಕಾಲ ಅವರು ವಾಸಿಸಿದರು. ಒಂದು ಕಡೆ ಶಸ್ತ್ರಚಿಕಿತ್ಸೆ, ಇನ್ನೊಂದು ಕಡೆ ಶಾಲೆಯ ಪಾಠ. ಅವರ ದೇಹದ ಮೇಲೆ ನಡೆದ ಶಸ್ತ್ರಚಿಕಿತ್ಸೆಗಳ ಸಂಖ್ಯೆಯು ಮೂವತ್ತನ್ನು ಮೀರಿರುವದು. ಒಂದು ಗಾಯ ಮಾಯುವ ಮೊದಲೇ ಇನ್ನೊಂದಕ್ಕೆ ಸಿದ್ಧವಾಗಬೇಕಾದ ಬಾಲ್ಯವದು. ಬಳಿಕ ಬೆಂಗಳೂರಿಗೆ ಮರಳಿ ಮಹಾರಾಣಿ ಕಾಲೇಜಿನಲ್ಲಿ ವಿದ್ಯಾಭ್ಯಾಸ ಮಾಡಿದರು. ಸಿಂಡಿಕೇಟ್ ಬ್ಯಾಂಕಿನಲ್ಲಿ ನೌಕರಿಗೆ ಸೇರಿ ವ್ಯವಸ್ಥಾಪಕರ ಪದವಿಯವರೆಗೂ ಏರಿದರು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಇಷ್ಟೇ ಆಗಿದ್ದರೂ ಅದು ಪೂರ್ಣಜೀವನವೇ. ಆದರೆ ಅವರ ಮನಸ್ಸು ಆಟದ ಬಯಲಿನ ಮೇಲಿದ್ದಿತು. ಗಾಲಿಕುರ್ಚಿಯ ಓಟ, ಗುಂಡು ಎಸೆತ, ಚಕ್ರ ಎಸೆತ, ಭರ್ಜಿ ಎಸೆತ ಇವುಗಳಲ್ಲಿ ಅವರು ಪರಿಶ್ರಮಪಟ್ಟರು. ಕುಳಿತು ಗುಂಡನ್ನು ಎಸೆಯುವದೆಂದರೇನೆಂದು ಸ್ವಲ್ಪ ಆಲೋಚಿಸಿರಿ. ನಿಂತು ಎಸೆಯುವವನು ನೆಲವನ್ನು ಕಾಲಿನಿಂದ ಒದೆದು, ಆ ಬಲವನ್ನು ಸೊಂಟದ ಮೂಲಕ ತೋಳಿಗೆ ತರುವನು. ಕುಳಿತವರಿಗೆ ಆ ನೆಲದ ನೆರವಿಲ್ಲ. ಅಲುಗದಂತೆ ಬಿಗಿದ ಪೀಠದ ಮೇಲೆ ಕುಳಿತು, ಭುಜ, ಬೆನ್ನು, ತೋಳುಗಳಿಂದಲೇ ಎಲ್ಲವನ್ನೂ ಸಾಧಿಸಬೇಕು.

1948ರಲ್ಲಿ ಇಂಗ್ಲೆಂಡದ ಸ್ಟೋಕ್ ಮ್ಯಾಂಡೆವಿಲ್ ಎಂಬಲ್ಲಿ ವೈದ್ಯರಾದ ಲುಡ್ವಿಗ್ ಗುಟ್‌ಮನ್ನರು ಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟುಬಿದ್ದ ಹದಿನಾರು ಜನರಿಗಾಗಿ ಏರ್ಪಡಿಸಿದ ಒಂದು ಚಿಕ್ಕ ಪಂದ್ಯವೇ ಬೆಳೆದು 1960ರಲ್ಲಿ ರೋಮ್ ನಗರದ ಮಹಾಕ್ರೀಡೆಯಾಯಿತು. ಅದೇ ಪರಂಪರೆಯ ಪ್ಯಾರಾಲಿಂಪಿಕ್ ಕ್ರೀಡೆಗಳಿಗೆ 1988ರಲ್ಲಿ ಸಿಯೋಲಿಗೂ, 1992ರಲ್ಲಿ ಬಾರ್ಸಿಲೋನಕ್ಕೂ, 2004ರಲ್ಲಿ ಅಥೆನ್ಸಿಗೂ ನಮ್ಮ ಕನ್ನಡನಾಡಿನ ಈ ಮಗಳು ಹೋದರು. 1989ರಲ್ಲಿ ಡೆನ್ಮಾರ್ಕದಲ್ಲಿ ನಡೆದ ಕ್ರೀಡೆಗಳಲ್ಲಿ ಓಟಕ್ಕೂ ಎಸೆತಗಳಿಗೂ ಸುವರ್ಣಪದಕಗಳನ್ನು ಪಡೆದರು. ದೇಶವಿದೇಶಗಳಲ್ಲಿ ಅವರು ಗಳಿಸಿದ ಪದಕಗಳು ನೂರಾರು. 1995ರಲ್ಲಿ ಅರ್ಜುನ ಪ್ರಶಸ್ತಿಯೂ, 2001ರಲ್ಲಿ ಪದ್ಮಶ್ರೀಯೂ ಬಂದವು. ಪ್ಯಾರಾಲಿಂಪಿಕ್ಕಿನ ಪದಕ ಮಾತ್ರ ಅವರ ಕೊರಳಿಗೆ ಬೀಳಲಿಲ್ಲ. ಆ ಮಾನವು ಭಾರತದ ಸ್ತ್ರೀಯೊಬ್ಬಳಿಗೆ ಮೊದಲು ಒದಗಿದುದು 2016ರಲ್ಲಿ, ಗುಂಡು ಎಸೆತದಲ್ಲಿಯೇ, ದೀಪಾ ಮಲಿಕರವರಿಂದ. ಹಾದಿ ಇಲ್ಲದ ಕಾಡಿನಲ್ಲಿ ಮೊದಲು ನಡೆದವರು ಊರನ್ನು ಮುಟ್ಟದಿರಬಹುದು. ಹಿಂದೆ ಬಂದವರ ಕಾಲಿಗೆ ಹಾದಿಯಾಗುವರು.

ಇವೆಲ್ಲಕ್ಕಿಂತಲೂ ನನ್ನ ಮನಸ್ಸನ್ನು ಹಿಡಿದುದು ಮತ್ತೊಂದು ಸಂಗತಿ. ಮಾಲತಿಯವರು ಸ್ನೇಹಿತರೊಡಗೂಡಿ ಮಾತೃ ಫೌಂಡೇಶನ್ ಎಂಬ ಆಶ್ರಯವನ್ನು ಬೆಂಗಳೂರಿನಲ್ಲಿ ನಡೆಸಿ, ಹಳ್ಳಿಗಾಡಿನ ಬಡ ಅಂಗವಿಕಲ ಮಕ್ಕಳನ್ನು ತಂದು ಸಾಕಿ ಓದಿಸಿದರು. ಯಾರನ್ನು ಲೋಕವು "ಇವಳನ್ನು ಸಾಕುವವರು ಯಾರು?" ಎಂದು ಕೇಳುತ್ತಿತ್ತೋ ಅವರೇ ಹಲವರನ್ನು ಸಾಕುವ ತಾಯಿಯಾದರು. ಅವರಿಗೆ ಪರರ ನೆರವು ಬೇಕಾಗಿರಲಿಲ್ಲವೇ? ಬೇಕಾಗಿತ್ತು. ಆದರೆ ಯಾವ ನೆರವು, ಯಾವಾಗ, ಯಾತಕ್ಕೆ ಎಂಬುದನ್ನು ನಿಶ್ಚಯಿಸುವವರು ಅವರೇ ಆಗಿದ್ದರು. ನನ್ನ ಸೋದರತ್ತೆಯು ನನ್ನಿಂದ ಕೇಳಿದುದೂ ಇಷ್ಟೇ.

ಸ್ವಾವಲಂಬನೆಯೆಂದರೆ ಯಾರ ಸಹಾಯವೂ ಇಲ್ಲದೆ ಬದುಕುವದೆಂದು ನಾವು ತಿಳಿದಿರುವೆವು. ಹಾಗಾದರೆ ನಮ್ಮ ಸೀಮೆಯಲ್ಲಿ ಸ್ವಾವಲಂಬಿಗಳು ಯಾರು? ಹತ್ತು ಎಕರೆ ತೋಟದ ಒಡೆಯನಿಗೆ ಎರಡು ಕಾಲುಗಳೂ ಗಟ್ಟಿಯಾಗಿರುವವು. ಆದರೆ ಅಡಿಕೆಯ ಮರವನ್ನು ಅವನು ಏರಲಾರನು. ಕೊನೆಗೌಡನು ಬಾರದಿದ್ದರೆ ಅವನ ಕೊನೆಯು ಮರದ ಮೇಲೆಯೇ ಉಳಿಯುವದು. ಅದಕ್ಕಾಗಿ ಆ ಒಡೆಯನನ್ನು ನಾವು ಅಂಗವಿಕಲನೆಂದು ಕರೆಯುವೆವೋ? ಇಲ್ಲ. ಕೊನೆಗೌಡನು ಅವನ ತಲೆ ಸವರಿ "ಪಾಪ" ಎನ್ನುವನೋ? ಅದೂ ಇಲ್ಲ. ಒಬ್ಬರ ಕಾಯಕಕ್ಕೆ ಇನ್ನೊಬ್ಬರ ಕಾಯಕವು ಜೊತೆಯಾಗುವದು, ಅಷ್ಟೇ. ಇದೇ ನ್ಯಾಯವು ಗಾಲಿಮಣೆಯ ಮೇಲೆ ಕುಳಿತವಳಿಗೂ ಸಲ್ಲಬೇಕು.

ಶರಣಧರ್ಮಕ್ಕೆ ಇದು ಹೊಸ ಮಾತಲ್ಲ. ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನೀವೆಲ್ಲರೂ ಬಲ್ಲಿರಿ. ಪತಿಯು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ದಿನ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾರೆಂದು ಆ ತಾಯಿಯು ಹಿಂದಕ್ಕೆ ಕಳಿಸಿದಳು. ಬಡವರೆಂಬ ಕನಿಕರವು ಅವಳಿಗೆ ಬೇಕಾಗಿರಲಿಲ್ಲ. ಕಾಯಕದ ಮಾನವು ಬೇಕಾಗಿತ್ತು. ಇನ್ನು ಇಷ್ಟಲಿಂಗದ ವಿಚಾರ. ಗುಡ್ಡದ ನೆತ್ತಿಯ ಗುಡಿಗೆ ಕಾಲಿದ್ದವರೇ ಹೋಗಬಲ್ಲರು. ಅಂಗೈಯ ಲಿಂಗವಾದರೋ ಭಕ್ತರು ಕುಳಿತಲ್ಲಿಗೇ ಬಂದಿರುವದು. ದೇವರೇ ಮೆಟ್ಟಲು ಇಳಿದು ಕೈಗೆ ಬಂದ ಧರ್ಮದಲ್ಲಿ, ಭಕ್ತೆಯೊಬ್ಬಳು ಮಠದ ಮೆಟ್ಟಲಿನ ಕೆಳಗೆ ಉಳಿಯುವದು ಎಂಥ ವಿಪರ್ಯಾಸ!

ನಮ್ಮ ನೆರೆಯ ಹಾನಗಲ್ಲ ಸೀಮೆಯ ಪುಣ್ಯವನ್ನು ಇಲ್ಲಿ ನೆನೆಯಲೇಬೇಕು. ಹಾನಗಲ್ಲ ಕುಮಾರಸ್ವಾಮಿಗಳವರು ಕಣ್ಣಿಲ್ಲದ ಬಾಲಕನೊಬ್ಬನಲ್ಲಿ ಸಂಗೀತವನ್ನು ಕಂಡರು. ಆತನೇ ಪಂಚಾಕ್ಷರಿ ಗವಾಯಿಗಳಾದರು. ಗದಗಿನ ವೀರೇಶ್ವರ ಪುಣ್ಯಾಶ್ರಮವು ಬೆಳೆಯಿತು. 1944ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದ ತರುವಾಯ, ತಾವೂ ಕಣ್ಣಿಲ್ಲದವರಾಗಿದ್ದ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ಆಶ್ರಮವನ್ನು ನಡೆಸಿದರು. ಅನುಕಂಪದ ಅನ್ನವನ್ನು ಮಾತ್ರ ಕೊಡದೆ ವಿದ್ಯೆಯನ್ನೂ ಕಾಯಕವನ್ನೂ ಕೊಟ್ಟುದೇ ಆ ಆಶ್ರಮದ ಹಿರಿಮೆ. ಬೆಂಗಳೂರಿನಲ್ಲಿ, ಪೋಲಿಯೋ ರೋಗಕ್ಕೆ ತುತ್ತಾಗಿದ್ದ ಎನ್. ಎಸ್. ಹೇಮಾರವರು 1959ರಲ್ಲಿ ಅಂಗವಿಕಲರ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಆ ಸಂಸ್ಥೆಯು ಅಂಗವಿಕಲರಿಗೆ ತೋಟಗಾರಿಕೆಯನ್ನೂ ಕಲಿಸಿರುವದು. ತೋಟವೇ ಜೀವವಾದ ನಮ್ಮ ಮೂರು ತಾಲೂಕುಗಳಿಗೆ ಇದಕ್ಕಿಂತ ಹತ್ತಿರದ ದೃಷ್ಟಾಂತ ಬೇಕೆ?

2011ರ ಜನಗಣತಿಯಂತೆ ಭಾರತದಲ್ಲಿ ಅಂಗವಿಕಲರ ಸಂಖ್ಯೆ 2 ಕೋಟಿ 68 ಲಕ್ಷ. ಅವರಲ್ಲಿ ಸ್ತ್ರೀಯರು 1 ಕೋಟಿ 18 ಲಕ್ಷ. ಕರ್ನಾಟಕದಲ್ಲಿಯೇ 13 ಲಕ್ಷಕ್ಕೂ ಮೇಲ್ಪಟ್ಟು ಜನರು ಎಣಿಕೆಗೆ ಬಂದರು. ಪೋಲಿಯೋ ಪಿಡುಗು ನಮ್ಮ ದೇಶದಿಂದ ತೊಲಗಿತೆಂದು 2014ರ ಮಾರ್ಚಿಯಲ್ಲಿ ಸಾರಲಾಯಿತು; ಅದು ಸಂತೋಷದ ಸಂಗತಿ. 2016ರ ಕಾಯಿದೆಯು 21 ಬಗೆಯ ಅಂಗವೈಕಲ್ಯಗಳನ್ನು ಗಣನೆಗೆ ತಂದು, ಸರಕಾರಿ ನೌಕರಿಯಲ್ಲಿ ನೂರಕ್ಕೆ ನಾಲ್ಕು ಸ್ಥಾನಗಳನ್ನು ಕಾದಿರಿಸಿ, ಸಾರ್ವಜನಿಕ ಕಟ್ಟಡಗಳು ಎಲ್ಲರೂ ಪ್ರವೇಶಿಸುವಂತಿರಬೇಕೆಂದು ವಿಧಿಸಿರುವದು. ಆದರೆ ಕಾಯಿದೆಯು ಕಚೇರಿಯ ಬಾಗಿಲನ್ನು ಅಗಲ ಮಾಡೀತು. ಮನೆಯ ಹೊಸ್ತಿಲನ್ನೂ ಮನಸ್ಸಿನ ಹೊಸ್ತಿಲನ್ನೂ ತಗ್ಗಿಸುವ ಹೊಣೆ ನಮ್ಮದೇ.

ಆದುದರಿಂದ ಈ ಮಹೋತ್ಸವದ ನೆನಪಿಗಾಗಿ ಮೂರು ಬಿನ್ನಹಗಳನ್ನು ಮಾಡುವೆನು. ಮೊದಲನೆಯದು, ನಿಮ್ಮ ಮನೆಯಲ್ಲಿ ನಡೆಯಲಾರದ, ಕಾಣಲಾರದ, ಕೇಳಲಾರದ ಮಗಳಿದ್ದರೆ ಅವಳನ್ನು ಶಾಲೆಗೆ ಕಳಿಸಿರಿ. ಅವಳು ದುಡಿದ ಹಣವನ್ನು ಅವಳ ಕೈಯಲ್ಲಿಯೇ ಇರಗೊಡಿರಿ. ಎರಡನೆಯದು, ಅವಳ ವಿಷಯದಲ್ಲಿ ಏನನ್ನಾದರೂ ನಿಶ್ಚಯಿಸುವ ಮೊದಲು ಅವಳನ್ನೇ ಕೇಳಿರಿ. ಮೂರನೆಯದು ಗುರುಗಳವರ ಪಾದಗಳಲ್ಲಿ: ಮಠದ ಮೆಟ್ಟಲುಗಳ ಪಕ್ಕದಲ್ಲಿ ಗಾಲಿಕುರ್ಚಿಯು ಏರಿ ಬರುವಂಥ ಒಂದು ಇಳಿಜಾರು ಹಾದಿಯನ್ನು ಕಟ್ಟಿಸಲು ಅಪ್ಪಣೆಯಾಗಬೇಕು. ಅದರ ವೆಚ್ಚದಲ್ಲಿ ನನ್ನ ಪಾಲನ್ನು ಇಂದೇ ಸಲ್ಲಿಸುವೆನು. ಆ ಹಾದಿಗೆ ಯಾರ ಹೆಸರೂ ಬೇಡ. ನನ್ನ ಸೋದರತ್ತೆಯ ಹೆಸರೂ ಬೇಡ. ಯಾವಳೋ ಒಬ್ಬ ತಾಯಿಯು ಒಂದು ದಿನ ತನ್ನ ಗಾಲಿಗಳನ್ನು ತಾನೇ ತಿರುಗಿಸುತ್ತ ಏರಿ ಬಂದು, ತನ್ನ ದುಡಿಮೆಯ ಕಾಣಿಕೆಯನ್ನು ತನ್ನ ಕೈಯಿಂದಲೇ ಸಲ್ಲಿಸಿದರೆ, ಅಂದು ನನ್ನ ಹಳೆಯ ಸಾಲವು ಸ್ವಲ್ಪ ತೀರೀತು.