ಗಾಡಿ ಊರಿಗೆ ಬರಲಿ, ಗುಟ್ಟು ಊರಾಡದಿರಲಿ

(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣ)



ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯಿಂದ ಕೂಲಿ ಬಿಟ್ಟು, ಮಗ್ಗ ಬಿಟ್ಟು ಬಂದಿದ್ದೀರಿ. ಇವತ್ತು ಉಳಿತಾಯ, ಸಾಲ, ಬಡ್ಡಿಯ ಮಾತು ಬೇಡ. ಆದರೆ ಲೆಕ್ಕ ನಿಮಗೆ ಚೆನ್ನಾಗಿ ಗೊತ್ತು. ಹಾಗಾಗಿ ಒಂದು ಲೆಕ್ಕದಿಂದಲೇ ಶುರು ಮಾಡೋಣ.

ಇಳಕಲ್ ಹತ್ತಿರದ ಒಂದು ಹಳ್ಳಿಯ ಹೆಣ್ಣುಮಗಳು ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು ಅಂತ ಇಟ್ಟುಕೊಳ್ರಿ. ಮೊದಲು ಇಳಕಲ್‌ಗೆ ಬರಬೇಕು. ಅಲ್ಲಿಂದ ಸುಮಾರು 60 ಕಿಲೋಮೀಟರ್ ಬಸ್ಸಿನ ದಾರಿ. ಅಲ್ಲಿ ಚೀಟಿ ಮಾಡಿಸಬೇಕು, ಸರದಿ ಕಾಯಬೇಕು, ಔಷಧಿ ತಗೋಬೇಕು. ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸಿನ ಟಿಕೆಟ್ ಇಲ್ಲ, ಅದು ದೊಡ್ಡ ಉಪಕಾರ. ಆದರೆ ಆ ದಿನದ ಕೂಲಿ ಯಾರು ಕೊಡ್ತಾರೆ? ಜೊತೆಗೆ ಬಂದ ಮಗನ ಟಿಕೆಟ್ ಯಾರು ಕೊಡ್ತಾರೆ? ತಿಂಗಳಿಗೆ ಒಮ್ಮೆ ಅಂದರೂ ವರ್ಷಕ್ಕೆ 12 ಕೂಲಿ ಹೋಯಿತು. ಔಷಧಿ ಪುಕ್ಕಟೆ, ಆದರೆ ಔಷಧಿ ತರುವುದು ಪುಕ್ಕಟೆ ಅಲ್ಲ. ಹೌದಲ್ರಿ?

ಈ ಲೆಕ್ಕ ಬಿಪಿ, ಸಕ್ಕರೆ ಕಾಯಿಲೆ, ಕ್ಷಯ ಎಲ್ಲದಕ್ಕೂ ಒಂದೇ. ಆದರೆ ನಾವು ಇವತ್ತು ಹೆಚ್ಚು ಮಾತಾಡಬೇಕೆಂದಿರುವುದು, ನೀವು ಸಂಘದ ಸಭೆಯಲ್ಲಿ ಬಾಯಿ ಬಿಟ್ಟು ಹೇಳದ ರೋಗದ ಬಗ್ಗೆ. ಅದು ಎಚ್.ಐ.ವಿ.

2000ದ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಒಂದು ಅಧ್ಯಯನ ನಡೆಯಿತು. ನೂರು ಮಂದಿ ವಯಸ್ಕರಲ್ಲಿ ಸುಮಾರು ಮೂವರಿಗೆ ಸೋಂಕು ಇದೆ ಎಂದು ಅದರಲ್ಲಿ ಕಂಡುಬಂತು. ದೊಡ್ಡ ಪಟ್ಟಣಗಳ ರೋಗ ಅಂದುಕೊಂಡದ್ದು ನಮ್ಮ ಹಳ್ಳಿಗಳಲ್ಲೇ ಇತ್ತು. ಆಗ ಊರಿನವರು ಹೆಣ್ಣುಮಕ್ಕಳ ಮೇಲೇ ಬೊಟ್ಟು ಮಾಡಿದರು. ಆದರೆ ಮದುವೆಯಾದ ಬಹಳಷ್ಟು ಹೆಣ್ಣುಮಕ್ಕಳಿಗೆ ಸೋಂಕು ಬಂದದ್ದು ಗಂಡನಿಂದ. ಗಂಡ ತೀರಿಹೋದ ಮೇಲೆ ಮನೆಯಿಂದ ಹೊರಗೆ ಹಾಕಿದ್ದು ಮಾತ್ರ ಸೊಸೆಯನ್ನು.

ಸರ್ಕಾರ ಎ.ಆರ್.ಟಿ. ಔಷಧಿಯನ್ನು ಉಚಿತವಾಗಿ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್ 1ರಂದು. ಆಗ ಇಡೀ ದೇಶದಲ್ಲಿ ಇದ್ದದ್ದು ಕೇವಲ ಎಂಟು ಆಸ್ಪತ್ರೆಗಳು. ನಮ್ಮ ರಾಜ್ಯದವರು ಬೆಂಗಳೂರಿನ ಬೌರಿಂಗ್ ಆಸ್ಪತ್ರೆಗೆ ಹೋಗಬೇಕಿತ್ತು. ಬಾದಾಮಿಯ ಕೂಲಿಕಾರ ಹೆಣ್ಣುಮಗಳಿಗೆ ಬೆಂಗಳೂರು ಅಂದರೆ ಒಂದು ರಾತ್ರಿಯ ದಾರಿ. ಆಮೇಲೆ ಎ.ಆರ್.ಟಿ. ಕೇಂದ್ರಗಳು ಜಿಲ್ಲೆಗಳಿಗೆ ಬಂದವು. ಅದರ ನಂತರ ಲಿಂಕ್ ಎ.ಆರ್.ಟಿ. ಕೇಂದ್ರಗಳೆಂದು ಇನ್ನೂ ಹತ್ತಿರದ ಆಸ್ಪತ್ರೆಗಳಿಗೆ ಬಂದವು. ಮೊದಲು ಸಿಡಿ4 ಎಣಿಕೆ ಕೆಳಗಿಳಿದವರಿಗೆ ಮಾತ್ರ ಔಷಧಿ ಇತ್ತು. 2017ರಿಂದ ಸೋಂಕು ಪತ್ತೆಯಾದ ಎಲ್ಲರಿಗೂ ಔಷಧಿ ಕೊಡುತ್ತಾರೆ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಗುಳಿಗೆ.

ಆ ಒಂದು ಗುಳಿಗೆಯ ಬೆಲೆ ಏನು ಗೊತ್ತೇನ್ರಿ? ತಪ್ಪದೆ ತಗೊಂಡರೆ ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗುತ್ತದೆ. ಹಾಗೆಯೇ ಉಳಿದರೆ ಗಂಡ-ಹೆಂಡಿರ ಸಂಬಂಧದಿಂದ ಸೋಂಕು ಹರಡುವುದಿಲ್ಲ. ಚಿಕಿತ್ಸೆ ಇಲ್ಲದ ತಾಯಿಯಿಂದ ಮಗುವಿಗೆ ಸೋಂಕು ಬರುವ ಸಾಧ್ಯತೆ ನೂರಕ್ಕೆ 15ರಿಂದ 45. ಚಿಕಿತ್ಸೆ ಇದ್ದರೆ 5ಕ್ಕಿಂತ ಕಡಿಮೆ. ಆದರೆ ಮೇಲಿಂದ ಮೇಲೆ ಗುಳಿಗೆ ಬಿಟ್ಟರೆ ವೈರಸ್ ಔಷಧಿಗೆ ಬಗ್ಗುವುದಿಲ್ಲ. ಆದ್ದರಿಂದ ಬಸ್ಸು ತಪ್ಪಿತು, ಕಳೆ ತೆಗೆಯುವ ಕೆಲಸ ಬಂತು, ಗೋವಾಕ್ಕೆ ದುಡಿಯಲು ಹೋದೆವು ಎಂಬ ಸಣ್ಣ ಕಾರಣಗಳೇ ಜೀವಕ್ಕೆ ಎರವಾಗುತ್ತವೆ.

ಇದಕ್ಕೇ ಸಂಚಾರಿ ಆರೋಗ್ಯ ಘಟಕ ಬೇಕು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದ ಮೇಲೆ ಇಂಥ ಗಾಡಿಗಳು ಹೆಚ್ಚಾದವು. ಗಾಡಿಯಲ್ಲಿ ವೈದ್ಯರು, ನರ್ಸ್, ರಕ್ತ ಪರೀಕ್ಷೆ ಮಾಡುವವರು, ಔಷಧಿ ಕೊಡುವವರು ಇರುತ್ತಾರೆ. ಗೊತ್ತಾದ ದಿನ ಗೊತ್ತಾದ ಊರಿಗೆ ಬರುತ್ತಾರೆ. ಎಚ್.ಐ.ವಿ. ಪರೀಕ್ಷೆಗೆಂದೇ ಸಂಚಾರಿ ಆಪ್ತಸಮಾಲೋಚನಾ ಗಾಡಿಗಳೂ ಬಂದವು. 2024ರ ಡಿಸೆಂಬರ್‌ನಲ್ಲಿ ಕ್ಷಯರೋಗ ಪತ್ತೆಗೆ ನೂರು ದಿನಗಳ ಅಭಿಯಾನ ಶುರುವಾದಾಗ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರಗಳೂ ಹಳ್ಳಿಗೆ ಹೋದವು.

ಹಾಗಾದರೆ ಗಾಡಿ ಬಂದರೆ ಎಲ್ಲ ಸರಿಹೋಯಿತೇ? ಇಲ್ಲ. ಇಲ್ಲೇ ನೀವು ಗಮನ ಕೊಡಬೇಕು.

ನಾವು ಹಳ್ಳಿಗಳಲ್ಲಿ ಒಂದು ವಿಚಿತ್ರ ನೋಡಿದೆವು. ಹತ್ತಿರದಲ್ಲಿ ಔಷಧಿ ಸಿಗುತ್ತದೆ ಅಂದರೂ ಕೆಲವರು ದೂರದ ಊರಿಗೇ ಹೋಗುತ್ತಿದ್ದರು. ಯಾಕವ್ವಾ ಅಂತ ಕೇಳಿದರೆ ಒಬ್ಬಾಕೆ ಹೇಳಿದಳು: "ಅಲ್ಲಿ ನನ್ನ ಗುರುತು ಯಾರಿಗೂ ಇಲ್ರಿ ಸಿಸ್ಟರ್. ಇಲ್ಲಿ ಗಾಡಿ ಹತ್ತಿರ ಎರಡು ಸಲ ನಿಂತರೆ ಮೂರನೇ ದಿನಕ್ಕೆ ಮಗಳ ಸಂಬಂಧ ಮುರೀತದ." ಆಕೆಯ ಮಾತಿನಲ್ಲಿ ನಿಜ ಇತ್ತು. ಗಾಡಿಯ ಮೇಲೆ ರೋಗದ ಹೆಸರು ಬರೆದು, ಮನೆ ಬಾಗಿಲಿಗೆ ತಂದು ನಿಲ್ಲಿಸಿದರೆ ಅದು ಚಿಕಿತ್ಸೆ ಕೊಟ್ಟಂತಲ್ಲ, ಡಂಗುರ ಹೊಡೆದಂತೆ. ಹತ್ತಿರ ಅಂದರೆ ಕಿಲೋಮೀಟರ್ ಮಾತ್ರ ಅಲ್ಲ. ಹೆದರಿಕೆ ಇಲ್ಲದೆ ನಡೆದು ಹೋಗುವಷ್ಟು ಹತ್ತಿರ ಇರಬೇಕು.

ಆದ್ದರಿಂದ ನಾವು ಹೇಳುವುದು ಇಷ್ಟು. ಗಾಡಿ ಒಂದೇ ರೋಗದ ಗಾಡಿ ಆಗಬಾರದು. ಬಿಪಿ ನೋಡಲಿ, ಸಕ್ಕರೆ ನೋಡಲಿ, ಬಸುರಿ ಹೆಣ್ಣುಮಕ್ಕಳ ರಕ್ತ ನೋಡಲಿ, ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದವರ ಕಫ ನೋಡಲಿ. ಅದೇ ಸಾಲಿನಲ್ಲಿ ಎಚ್.ಐ.ವಿ. ಇದ್ದವರೂ ನಿಲ್ಲಲಿ. ಆಗ ಯಾರು ಯಾತಕ್ಕೆ ಬಂದರು ಅಂತ ಯಾರಿಗೂ ತಿಳಿಯುವುದಿಲ್ಲ.

ಇದನ್ನು ಸಾಧಿಸುವುದು ಡಾಕ್ಟರಿಂದ ಆಗುವ ಕೆಲಸ ಅಲ್ಲ, ನಿಮ್ಮಿಂದ ಆಗುವ ಕೆಲಸ. ಹೇಗೆ ಅಂದರೆ,

ಮೊದಲನೆಯದು, ದಿನ ಮತ್ತು ಜಾಗ. ಗಾಡಿ ಯಾವ ದಿನ, ಎಲ್ಲಿ ನಿಲ್ಲಬೇಕು ಎಂದು ಸಂಘದಲ್ಲಿ ಚರ್ಚೆ ಮಾಡಿರಿ. ಕೂಲಿಗೆ ಹೋಗುವ ಹೊತ್ತಿನಲ್ಲಿ ಬಂದ ಗಾಡಿಯಿಂದ ಮುದುಕರಿಗಷ್ಟೇ ಉಪಯೋಗ. ಸಂತೆಯ ದಿನ ಸಂತೆಯ ಊರಿನಲ್ಲಿ ನಿಂತರೆ ಎಲ್ಲರಿಗೂ ಅನುಕೂಲ, ಕೂಲಿಯೂ ಉಳಿಯುತ್ತದೆ. ಇದನ್ನು ಠರಾವು ಮಾಡಿ ಆಶಾ ಕಾರ್ಯಕರ್ತೆಯ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಗ್ರಾಮ ಪಂಚಾಯಿತಿಗೂ ಕೊಡಿರಿ.

ಎರಡನೆಯದು, ಎಲ್ಲರೂ ಹೋಗುವುದು. ಗಾಡಿ ಬಂದ ದಿನ ಸಂಘದ ಇಪ್ಪತ್ತೂ ಮಂದಿ ಹೋಗಿ ಬಿಪಿ ತೋರಿಸಿರಿ. ನಿಮ್ಮ ಆರೋಗ್ಯವೂ ಆಯಿತು, ಹೆದರಿಕೊಂಡು ನಿಂತವಳಿಗೆ ಮರೆಯೂ ಆಯಿತು.

ಮೂರನೆಯದು, ಬಾಯಿ ಬಿಗಿ. ಒಬ್ಬರ ಎಚ್.ಐ.ವಿ. ವಿಷಯವನ್ನು ಅವರ ಒಪ್ಪಿಗೆ ಇಲ್ಲದೆ ಬಯಲು ಮಾಡಲು ಕಾನೂನಿನಲ್ಲಿ ಅವಕಾಶವಿಲ್ಲ. 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಕೆಲಸ, ಶಾಲೆ, ಆಸ್ಪತ್ರೆ, ಬಾಡಿಗೆ ಮನೆ ಯಾವುದರಲ್ಲೂ ಭೇದ ಮಾಡಬಾರದೆಂದು ಅದು ಹೇಳುತ್ತದೆ. ಸಂಘದ ಹಣದ ಪೆಟ್ಟಿಗೆಗೆ ಬೀಗ ಹಾಕುತ್ತೀರಿ. ಸಂಘದಲ್ಲಿ ಕೇಳಿದ ಕಷ್ಟಕ್ಕೂ ಬೀಗ ಇರಲಿ.

ನಾಲ್ಕನೆಯದು, ದುಡಿಯಲು ಹೊರಗೆ ಹೋಗುವವರು. ಗೋವಾ, ಮಂಗಳೂರು, ಬೆಂಗಳೂರು ಎಲ್ಲಿಗೆ ಹೋಗುವುದಿದ್ದರೂ ಎ.ಆರ್.ಟಿ. ಕೇಂದ್ರಕ್ಕೆ ಮೊದಲೇ ತಿಳಿಸಬೇಕು. ಅಲ್ಲಿನ ಕೇಂದ್ರದಲ್ಲಿ ಔಷಧಿ ಸಿಗುವಂತೆ ಮಾಡಿಕೊಡುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಎರಡು-ಮೂರು ತಿಂಗಳ ಗುಳಿಗೆ ಒಟ್ಟಿಗೆ ಕೊಟ್ಟು ರೋಗಿಗಳನ್ನು ಉಳಿಸಿಕೊಂಡರು. ಅಂದರೆ ದಾರಿ ಇದೆ, ಕೇಳುವವರು ಬೇಕು. ಸಂಶಯ ಇದ್ದರೆ 1097ಕ್ಕೆ ಫೋನ್ ಮಾಡಿರಿ, ಹಣ ಬೀಳುವುದಿಲ್ಲ.

ಕೊನೆಗೆ ಒಂದು ಎಚ್ಚರಿಕೆಯ ಮಾತು. ಗಾಡಿ ಆಸ್ಪತ್ರೆ ಅಲ್ಲ. ಗಾಡಿ ಬರುವ ದಿನಕ್ಕೆ ಹೆರಿಗೆ ನೋವು ಕಾಯುವುದಿಲ್ಲ, ಎದೆನೋವೂ ಕಾಯುವುದಿಲ್ಲ. ಅದಕ್ಕೆ 108 ಇದೆ. ಇನ್ನೊಂದು, ಗಾಡಿ ನಡೆಸುವ ಯೋಜನೆಗೆ ಮೂರು ವರ್ಷ, ಐದು ವರ್ಷ ಅಂತ ಲೆಕ್ಕ ಇರುತ್ತದೆ. ರೋಗಿಗೆ ಇರುವುದು ಜೀವಮಾನದ ಲೆಕ್ಕ. ಯೋಜನೆ ಮುಗಿದು ಗಾಡಿ ನಿಂತಾಗ ಔಷಧಿಯೂ ನಿಂತವರನ್ನು ನಾವು ಕಂಡಿದ್ದೇವೆ. ಹಾಗಾಗಿ ಗಾಡಿಗೆ ಬರುವ ಪ್ರತಿಯೊಬ್ಬರ ಹೆಸರೂ ಸರ್ಕಾರಿ ಕೇಂದ್ರದಲ್ಲಿ ದಾಖಲಾಗಿರಬೇಕು. ನಮ್ಮ ಸಂಸ್ಥೆಯ ಗಾಡಿ ಇರಲಿ, ಬೇರೆಯವರದಿರಲಿ, ಗಾಡಿ ಒಂದು ಸೇತುವೆ. ಆಚೆ ದಡದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ ಗಟ್ಟಿಯಾಗಿದ್ದರೆ ಮಾತ್ರ ಸೇತುವೆಗೆ ಬೆಲೆ. ಅಲ್ಲಿ ಡಾಕ್ಟರ್ ಇದ್ದಾರೆಯೇ, ಔಷಧಿ ಇದೆಯೇ ಎಂದು ಗ್ರಾಮಸಭೆಯಲ್ಲಿ ಕೇಳುವ ಹಕ್ಕು ನಿಮ್ಮದು.

ನಿಮ್ಮ ಊರಿಗೆ ಹೋದ ಮೇಲೆ ಮುಂದಿನ ವಾರದ ಸಭೆಯಲ್ಲಿ ಎರಡು ಪ್ರಶ್ನೆ ಇಡಿರಿ. ನಮ್ಮ ಊರಿನಿಂದ ಔಷಧಿಗೆ ಹೋಗಿಬರಲು ಎಷ್ಟು ಕೂಲಿ ಹೋಗುತ್ತದೆ? ನಮ್ಮ ಮಾತಿಗೆ ಹೆದರಿ ಔಷಧಿ ಬಿಟ್ಟವರು ಯಾರಾದರೂ ಇರಬಹುದೇ? ಮೊದಲನೆಯದರ ಉತ್ತರವನ್ನು ಠರಾವು ಪುಸ್ತಕದಲ್ಲಿ ಬರೆಯಿರಿ. ಎರಡನೆಯದನ್ನು ಬರೆಯಬೇಡಿ, ಹೆಸರು ಹೇಳಬೇಡಿ, ಮನಸ್ಸಿನಲ್ಲಿ ಇಟ್ಟುಕೊಂಡು ನಡೆಯಿರಿ.