ಸಕ್ಕರೆ ಕಾಯಿಲೆಯೂ ಖಾನಾವಳಿಯ ತಾಟೂ

(ಮುಂಬಯಿಯ ನಮ್ಮ ವಾಚನಾಲಯದಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ನಾನು ವೈದ್ಯನಲ್ಲ. ಮೂವತ್ತು ವರ್ಷ ಆಫೀಸಿನಲ್ಲಿ ಲೆಕ್ಕ ಬರೆದ ಗುಮಾಸ್ತ; ಹನ್ನೊಂದು ವರ್ಷಗಳಿಂದ ಸಕ್ಕರೆ ಕಾಯಿಲೆಯವನು. ಈ ಎರಡನೆಯ ಅರ್ಹತೆಯ ಮೇಲೆಯೇ ಕಾರ್ಯದರ್ಶಿಗಳು ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ.

ಕಳೆದ ತಿಂಗಳು ಇದೇ ಕೋಣೆಯಲ್ಲಿ ರಕ್ತ ತಪಾಸಣೆ ನಡೆದಾಗ ನಮ್ಮಲ್ಲಿ ಕೆಲವರಿಗೆ ಸಕ್ಕರೆ ಹೆಚ್ಚಿದೆಯೆಂದು ತಿಳಿದುಬಂದಿತಷ್ಟೆ. ಅವರಲ್ಲೊಬ್ಬರು ಮರುದಿನ ಸಂಜೆ ನನ್ನನ್ನು ಮೆಟ್ಟಿಲ ಬಳಿ ತಡೆದು, "ರಾಯರೇ, ಊರಿಗೆ ಮಾತ್ರ ಗೊತ್ತಾಗಬಾರದು, ಮಗಳಿಗೆ ಗಂಡು ನೋಡುತ್ತಿದ್ದೇವೆ" ಎಂದರು. ಆಮೇಲೆ ದೊಡ್ಡ ಪರೀಕ್ಷೆ ಮಾಡಿಸಿದರು. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಆ ಚೀಟಿ ನಾಲ್ಕು ಮಡಿಕೆಯಾಗಿ ಅವರ ಜೇಬಿನಲ್ಲೇ ಇದೆ. "ಒಮ್ಮೆ ಶುರುಮಾಡಿದರೆ ಸಾಯುವವರೆಗೆ ನುಂಗಬೇಕಂತೆ, ಅದಕ್ಕೇ ತರಲಿಲ್ಲ" ಎನ್ನುತ್ತಾರೆ. ಅವರ ಅಪ್ಪಣೆ ಪಡೆದೇ, ಹೆಸರು ಹೇಳದೆ, ಅವರಿಗೆ ಕೊಟ್ಟ ಉತ್ತರವನ್ನು ನಿಮ್ಮೆಲ್ಲರ ಮುಂದಿಡುತ್ತೇನೆ.

ಬರಿಹೊಟ್ಟೆಯಲ್ಲಿ ಸಕ್ಕರೆ 126 ಅಥವಾ ಹೆಚ್ಚು, ಇಲ್ಲವೆ ಎರಡು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಎಂಬ ಪರೀಕ್ಷೆಯಲ್ಲಿ 6.5 ಅಥವಾ ಹೆಚ್ಚು ಬಂದು, ಇನ್ನೊಂದು ಪರೀಕ್ಷೆಯೂ ಅದನ್ನೇ ಹೇಳಿದರೆ ಅದು ಮಧುಮೇಹ. ನಮಗೆ ಸಾಮಾನ್ಯವಾಗಿ ಬರುವುದು ಎರಡನೆಯ ಬಗೆಯದು. ದೇಹದಲ್ಲಿ ಇನ್ಸುಲಿನ್ ಇದ್ದರೂ ಅದರ ಮಾತು ಮೈ ಕೇಳುವುದಿಲ್ಲ. ಬರಬರುತ್ತ ಅದರ ಉತ್ಪತ್ತಿಯೂ ಕುಗ್ಗುತ್ತದೆ. ಮಾತ್ರೆ ತಿಂದದ್ದಕ್ಕೆ ಕಾಯಿಲೆ ಅಂಟಿಕೊಳ್ಳುವುದಿಲ್ಲ. ಕಾಯಿಲೆ ಇರುವುದರಿಂದ ಮಾತ್ರೆ. ಮೊದಮೊದಲಲ್ಲೇ ತೂಕ ಇಳಿಸಿದ ಕೆಲವರಿಗೆ ಡಾಕ್ಟರೇ ಮಾತ್ರೆ ಕಡಿಮೆ ಮಾಡುವುದೂ ಉಂಟು. ಆದರೆ ಅಂಕಿ ಇಳಿಯಿತೆಂದು ನಾವೇ ಬಿಡುವುದಲ್ಲ. ಅದು ಇಳಿದದ್ದೇ ಮಾತ್ರೆಯಿಂದ ಇರಬಹುದು. ಸಾಧಾರಣವಾಗಿ ಮೊದಲು ಕೊಡುವ ಮೆಟ್‌ಫಾರ್ಮಿನ್ 1957ರಿಂದ ಬಳಕೆಯಲ್ಲಿರುವ, ಬೆಲೆಯೂ ಕಡಿಮೆಯಿರುವ ಔಷಧ. ಮೊದಲ ವಾರಗಳಲ್ಲಿ ಹೊಟ್ಟೆ ಕೆಡಿಸಬಹುದು. ಊಟದ ಜೊತೆಗೆ ತೆಗೆದುಕೊಂಡರೆ ತೊಂದರೆ ಕಡಿಮೆ.

ಇನ್ನು ಊಟ. ಇಲ್ಲಿಯೇ ನಮ್ಮ ಕಷ್ಟವಿರುವುದು. ಮನೆಯಿದ್ದವರಿಗೆ ಹೆಂಡತಿಗೋ ತಾಯಿಗೋ ಹೇಳಿದರಾಯಿತು. ತಿಂಗಳಿಗಿಷ್ಟೆಂದು ಕೊಟ್ಟು ಖಾನಾವಳಿಯಲ್ಲಿ ಉಣ್ಣುವ ನಾವು ಯಾರಿಗೆ ಹೇಳೋಣ? ಕೊಟ್ಟ ಹಣ ವಸೂಲಾಗಬೇಕೆಂದು ಮೂರನೆಯ ಸಲ ಅನ್ನ ಹಾಕಿಸಿಕೊಳ್ಳುವುದು ನನ್ನ ಪದ್ಧತಿಯೂ ಆಗಿತ್ತು. ನಾನು ಮಾಡಿದ್ದಿಷ್ಟೆ: ತಾಟಿನ ಅರ್ಧ ಭಾಗ ಕಾಯಿಪಲ್ಯ, ಕೋಸಂಬರಿ, ಕಾಲು ಭಾಗ ಬೇಳೆ ಅಥವಾ ಮೊಳಕೆಕಾಳಿನ ಉಸಳ್, ಉಳಿದ ಕಾಲು ಭಾಗದಲ್ಲಿ ಚಪಾತಿಯೋ ಅನ್ನವೋ. ಬಟಾಟೆ ಪಲ್ಯವನ್ನು ಕಾಯಿಪಲ್ಯದ ಲೆಕ್ಕಕ್ಕೆ ಸೇರಿಸಬೇಡಿ, ಅದು ಅನ್ನದ ಬಳಗ. ಬಟಾಟೆಯನ್ನು ಪಾವಿನೊಳಗಿಟ್ಟ ವಡಾ-ಪಾವ್ ಬಗ್ಗೆ ನಾನು ಏನೂ ಹೇಳಬೇಕಿಲ್ಲ. ಅನ್ನ ಕಡಿಮೆಯಾಯಿತು, ಒಂದು ಬಟ್ಟಲು ಉಸಳ್ ಹೆಚ್ಚು ಕೊಡಿ ಎಂದು ಯಜಮಾನರನ್ನು ಕೇಳಿದೆ. ಅವರು ನಕ್ಕು ಒಪ್ಪಿದರು. ಕೇಳಲು ನನಗೆ ಎರಡು ತಿಂಗಳು ಹಿಡಿದಿತ್ತು.

ರಾಗಿ ಮುದ್ದೆ ಎಷ್ಟಾದರೂ ತಿನ್ನಬಹುದೆಂಬ ನಂಬಿಕೆ ನಮ್ಮ ಮೈಸೂರು ಸೀಮೆಯವರಲ್ಲಿದೆ. ರಾಗಿಯಲ್ಲಿ ನಾರಿನಂಶ ಹೆಚ್ಚು, ನಿಜ. ಆದರೆ ಅದರಲ್ಲಿಯೂ ಬಹುಪಾಲು ಪಿಷ್ಟವೇ. ಒಂದು ಸಣ್ಣ ಮುದ್ದೆಗೂ ಎರಡು ದೊಡ್ಡ ಮುದ್ದೆಗೂ ವ್ಯತ್ಯಾಸ ರಕ್ತಕ್ಕೆ ಗೊತ್ತಾಗುತ್ತದೆ. ಬೆಲ್ಲವೂ ಸಕ್ಕರೆಯೇ. ಆಫೀಸಿನಲ್ಲಿ ದಿನಕ್ಕೆ ಐದು ಚಹಾ, ಒಂದೊಂದಕ್ಕೆ ಎರಡು ಚಮಚವಾದರೆ ಹತ್ತು ಚಮಚ. ಗುಮಾಸ್ತರಿಗೆ ಈ ಗುಣಾಕಾರ ನಾನು ಕಲಿಸಬೇಕೆ? ಊಟವಾದ ಮೇಲೆ ಹಾಸಿಗೆಗೆ ಹೋಗದೆ ಹತ್ತು ಹದಿನೈದು ನಿಮಿಷ ಗಲ್ಲಿಯಲ್ಲಿ ನಡೆದರೆ ಏರುವ ಸಕ್ಕರೆ ತಗ್ಗುತ್ತದೆ, ಅದಕ್ಕೆ ಕಾಸೂ ಇಲ್ಲ.

ಮುಚ್ಚಿಡುವ ಮಾತಿಗೆ ಬರುತ್ತೇನೆ. ನಾನೂ ಒಂದು ವರ್ಷ ಯಾರಿಗೂ ಹೇಳಿರಲಿಲ್ಲ. ಆಗ ನನಗೆ ಗ್ಲಿಮೆಪಿರೈಡ್ ಎಂಬ ಮಾತ್ರೆಯೂ ಇತ್ತು. ಅದು ಇನ್ಸುಲಿನ್ನನ್ನು ಹೆಚ್ಚಿಸುವಂಥದು; ನುಂಗಿದ ಮೇಲೆ ಉಣ್ಣದಿದ್ದರೆ ಸಕ್ಕರೆ ತೀರ ಇಳಿಯಬಹುದು. ಒಂದು ಬೆಳಿಗ್ಗೆ ಮಾತ್ರೆ ನುಂಗಿ, ತಡವಾಯಿತೆಂದು ಉಪಾಹಾರ ಬಿಟ್ಟು ಲೋಕಲ್ ಹತ್ತಿದೆ. ಕುರ್ಲಾ ಬರುವಷ್ಟರಲ್ಲಿ ಕೈ ನಡುಗಿ, ಬೆವರು ಕಿತ್ತು, ಮಾತು ತೊದಲಿತು. ಸುತ್ತಲಿನವರು ಬೆಳಿಗ್ಗೆಯೇ ಕುಡಿದಿದ್ದಾನೆಂದುಕೊಂಡರು. ದಿನವೂ ಜೊತೆಗೆ ಬರುತ್ತಿದ್ದ ನಮ್ಮವರೇ ಇಬ್ಬರು ಅಲ್ಲಿದ್ದರು. ನಾನು ಹೇಳಿದ್ದರಲ್ಲವೆ ಅವರಿಗೆ ತಿಳಿಯುವುದು? ಕೊನೆಗೆ ಅಪರಿಚಿತ ಮುದುಕಿಯೊಬ್ಬಳು ಕೂತಲ್ಲಿಂದಲೇ ಒಂದು ಲಾಡು ನನ್ನ ಬಾಯಿಗಿಟ್ಟಳು. ಆಕೆಯ ಗಂಡನಿಗೂ ಇದೇ ಕಾಯಿಲೆಯಂತೆ.

ಹೀಗಾದಾಗ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಯಬೇಕು. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ, ಅನಂತರ ಊಟ. ಎಚ್ಚರ ತಪ್ಪಿದವನ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ರಾತ್ರಿ ಪಾಳಿಯವರು ತಮ್ಮ ಪಾಳಿಯ ವೇಳೆಯನ್ನು ಡಾಕ್ಟರಿಗೆ ಹೇಳಿ ಮಾತ್ರೆಯ ಹೊತ್ತನ್ನು ಕೇಳಿಕೊಳ್ಳಿ.

ಈ ಕಾಯಿಲೆ ತಿಳಿಯುವ ಮುಂಚೆಯೇ ವರ್ಷಗಟ್ಟಲೆ ಮೈಯಲ್ಲಿರಬಹುದು. ಆದ್ದರಿಂದ ಕಣ್ಣನ್ನೂ ಮೂತ್ರವನ್ನೂ ಈಗಲೇ ತೋರಿಸಿ, ಮುಂದೆ ವರ್ಷಕ್ಕೊಮ್ಮೆ. ಗೋದಿಯಲ್ಲಿ ದುಡಿಯುವವರು ರಾತ್ರಿ ಮಲಗುವಾಗ ಅಂಗಾಲು ನೋಡಿಕೊಳ್ಳಿ. ಸ್ಪರ್ಶ ಕಳೆದ ಕಾಲಿಗೆ ಮೊಳೆ ಚುಚ್ಚಿದ್ದೂ ಗೊತ್ತಾಗುವುದಿಲ್ಲ.

ಮೆಟ್ಟಿಲ ಬಳಿ ನಿಂತಿದ್ದ ಆ ಮಿತ್ರರು ಮೊನ್ನೆ ಕೋಣೆಯ ಜೊತೆಗಾರನಿಗೆ ಹೇಳಿದ್ದಾರಂತೆ. ಊರಿಗೆ ಇನ್ನೂ ಬರೆದಿಲ್ಲ. ಬುಧವಾರ ಬೆಳಿಗ್ಗೆ ಎಂಟಕ್ಕೆ ಅವರೊಡನೆ ನಾನು ಮುನಿಸಿಪಾಲಿಟಿಯ ಆಸ್ಪತ್ರೆಗೆ ಹೋಗುತ್ತಿದ್ದೇನೆ. ಮರಾಠಿ ಬಾರದವರು, ಚೀಟಿ ಓದಲು ತೊಡಕಾಗುವವರು ಇದ್ದರೆ ಇದೇ ಬಾಗಿಲ ಬಳಿ ಬಂದು ನಿಲ್ಲಿ. ಹಳೆಯ ಚೀಟಿಗಳನ್ನೆಲ್ಲ ತನ್ನಿ. ತಿಂಡಿಯ ಡಬ್ಬಿ ಕೈಯಲ್ಲಿರಲಿ, ರಕ್ತ ಕೊಟ್ಟ ಮೇಲೆ ತಿನ್ನಬಹುದು.